ಪ್ರೋಪೇನ್ ಟ್ಯಾಂಕಿನ ಬೆಂಕಿ: ಹತ್ತಿರ ಹೋಗಬಾರದ ಸಂದರ್ಭವನ್ನು ತರಬೇತಿಯಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ತಾಲೀಮು ಅಂಗಳ

ಅಗ್ನಿಶಾಮಕ ಠಾಣೆಯೊಂದರಲ್ಲಿ ತರಬೇತಿಯ ಹೊಣೆ ನನ್ನದು. ಪ್ರೋಪೇನ್ ಟ್ಯಾಂಕಿನ ಬೆಂಕಿಯ ಅಭ್ಯಾಸಕ್ಕೆ ನಮ್ಮಲ್ಲಿರುವುದು ಬಹುತೇಕ ತರಬೇತಿ ಕೇಂದ್ರಗಳಲ್ಲಿ ಕಾಣುವ ವ್ಯವಸ್ಥೆಯೇ: ಅಂಗಳದ ನಡುವೆ ಖಾಲಿ ಉಕ್ಕಿನ ಟ್ಯಾಂಕ್, ಅದರ ಕೆಳಗೂ ಮೇಲೂ ಬರ್ನರ್‌ಗಳು, ದೂರದಿಂದ ಅನಿಲವನ್ನು ನಿಯಂತ್ರಿಸುವ ವಾಲ್ವ್. ಎರಡು ಹೋಸ್‌ಗಳ ತಂಡ ಅಗಲವಾದ ಫಾಗ್ ನೀರನ್ನು, ಅಂದರೆ ಸಣ್ಣ ಹನಿಗಳ ತುಂತುರನ್ನು, ಮರೆಯಾಗಿಟ್ಟುಕೊಂಡು ಮುಂದೆ ಸಾಗುತ್ತದೆ, ನಡುವೆ ಇರುವ ನಾಯಕರು ಕೈಚಾಚಿ ಟ್ಯಾಂಕಿನ ವಾಲ್ವ್ ಮುಚ್ಚುತ್ತಾರೆ, ಬೆಂಕಿ ಆರುತ್ತದೆ, ತಂಡ ಬೆನ್ನು ತಿರುಗಿಸದೆ ಹಿಂದಕ್ಕೆ ಬರುತ್ತದೆ. ಹೊಸದಾಗಿ ಸೇರಿದವರಿಗೆ ಇದರಿಂದ ಧೈರ್ಯವೂ ಶಿಸ್ತೂ ಬರುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನ ಚಿಂತೆ ಬೇರೆಯದು. ಈ ಅಭ್ಯಾಸ ಪ್ರತಿ ಸಲವೂ ಗೆಲುವಿನಲ್ಲೇ ಮುಗಿಯುತ್ತದೆ. ಟ್ಯಾಂಕಿನ ಒಳಗೆ ದ್ರವವಿಲ್ಲ, ಆದ್ದರಿಂದ ಅದು ಸಿಡಿಯುವ ಪ್ರಶ್ನೆಯೇ ಬರುವುದಿಲ್ಲ. ನೀರು ಎಂದೂ ಮುಗಿಯುವುದಿಲ್ಲ. ವಾಲ್ವ್ ಯಾವಾಗಲೂ ತಿರುಗುತ್ತದೆ. ಇದನ್ನೇ ಮತ್ತೆ ಮತ್ತೆ ಮಾಡಿದವರು ನಿಜವಾದ ಟ್ಯಾಂಕಿನ ಮುಂದೆ ನಿಂತಾಗ ಅವರ ಕಾಲು ತಾನಾಗಿಯೇ ಮುಂದಕ್ಕೆ ಹೋಗುವುದಿಲ್ಲವೇ? ಹತ್ತಿರ ಹೋಗಬಾರದು ಎಂಬ ತೀರ್ಮಾನವನ್ನು ಪಾಠದ ಕೊಠಡಿಯಲ್ಲಿ ಹೇಳಿ ಬಿಡುವುದಲ್ಲದೆ, ಅಂಗಳದಲ್ಲಿಯೇ ಅಭ್ಯಾಸ ಮಾಡಿಸುವ ಬಗೆ ಹೇಗೆ? ಇದರ ಜೊತೆಗೆ ಇನ್ನೆರಡು ವಿಷಯಗಳಲ್ಲಿ ಸ್ಪಷ್ಟನೆ ಬೇಕು. ಟ್ಯಾಂಕಿಗೆ ಬೆಂಕಿ ತಗಲಿದ ಮೇಲೆ ಎಷ್ಟು ಸಮಯ ಸಿಗುತ್ತದೆ ಎಂದು ಸಿಬ್ಬಂದಿಗೆ ಹೇಳಬೇಕು? ಟ್ಯಾಂಕಿನ ಎರಡು ತುದಿಗಳನ್ನು ಬಿಟ್ಟು ಬದಿಯಿಂದ ಸಮೀಪಿಸಿದರೆ ಅಪಾಯವಿಲ್ಲ ಎಂದು ಹಿರಿಯರು ಹೇಳಿಕೊಟ್ಟ ಮಾತು ಎಷ್ಟರಮಟ್ಟಿಗೆ ಸರಿ?

ಉತ್ತರ: ಒತ್ತಡಪಾತ್ರೆ

ನಾನು ಅಗ್ನಿಶಾಮಕ ದಳದವನಲ್ಲ. ಒತ್ತಡದ ಪಾತ್ರೆಗಳ ವಿನ್ಯಾಸ ಮತ್ತು ತಪಾಸಣೆಯಲ್ಲಿ ಕೆಲಸ ಮಾಡುವ ಎಂಜಿನಿಯರ್. ನಿಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಟ್ಯಾಂಕಿನ ಕಡೆಯಿಂದ ಉತ್ತರಿಸಲು ಯತ್ನಿಸುತ್ತೇನೆ.

ಪ್ರೋಪೇನ್ ಸಾಮಾನ್ಯ ವಾಯುಭಾರದಲ್ಲಿ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಟ್ಯಾಂಕಿನೊಳಗೆ ಅದು ದ್ರವವಾಗಿ ಉಳಿದಿರುವುದು ತನ್ನದೇ ಆವಿಯ ಒತ್ತಡದಿಂದ ಮಾತ್ರ. ಹೊರಗಿನ ಜ್ವಾಲೆ ಟ್ಯಾಂಕನ್ನು ಕಾಯಿಸಿದಂತೆ ಒಳಗಿನ ಒತ್ತಡ ಏರುತ್ತದೆ, ಸ್ಥಿರ ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಸುಮಾರು 17 ಬಾರ್ ತಲುಪಿದಾಗ ರಿಲೀಫ್ ವಾಲ್ವ್ ತೆರೆದು ಆವಿಯನ್ನು ಹೊರಬಿಡುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವದ ಉಷ್ಣತೆ ಇನ್ನೂ 50 ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ದ್ರವ ತಗಲಿಕೊಂಡಿರುವ ಗೋಡೆಯ ಭಾಗದಿಂದ ಶಾಖವನ್ನು ದ್ರವವೇ ಹೀರಿಕೊಳ್ಳುವುದರಿಂದ ಅಲ್ಲಿನ ಉಕ್ಕು ಬಹಳ ಹೊತ್ತು ಗಟ್ಟಿಯಾಗಿರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವವರೆಗೆ ಅದರ ತಳ ಕೆಂಪಗಾಗದಿರುವುದು ಇದೇ ಕಾರಣಕ್ಕೆ. ಆದರೆ ದ್ರವದ ಮಟ್ಟದಿಂದ ಮೇಲಿರುವ ಗೋಡೆಯ ಹಿಂದೆ ಇರುವುದು ಆವಿ ಮಾತ್ರ, ಮತ್ತು ಆವಿಗೆ ಆ ಪ್ರಮಾಣದ ಶಾಖವನ್ನು ಹೊತ್ತೊಯ್ಯುವ ಶಕ್ತಿಯಿಲ್ಲ. ಜ್ವಾಲೆ ಅಲ್ಲಿಗೆ ತಗಲಿದರೆ ಕೆಲವೇ ನಿಮಿಷಗಳಲ್ಲಿ ಉಕ್ಕು 600 ಡಿಗ್ರಿಯನ್ನು ಮುಟ್ಟಬಲ್ಲದು. ಆ ಉಷ್ಣತೆಯಲ್ಲಿ ಸಾಮಾನ್ಯ ಕಾರ್ಬನ್ ಉಕ್ಕು ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಆಗ ರಿಲೀಫ್ ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ, ಒಳಗಿನ ಒತ್ತಡ ವಿನ್ಯಾಸದ ಮಿತಿಯೊಳಗೇ ಇದ್ದರೂ, ಗೋಡೆ ಉಬ್ಬಿ, ತೆಳುವಾಗಿ, ಸೀಳುತ್ತದೆ. ಸೀಳಿದ ಕ್ಷಣದಲ್ಲಿ ಒಳಗಿನ ದ್ರವದ ಮೇಲಿದ್ದ ಒತ್ತಡ ಇಲ್ಲವಾಗುತ್ತದೆ, ಅದರ ದೊಡ್ಡ ಪಾಲು ಒಮ್ಮೆಲೇ ಕುದಿದು ಆವಿಯಾಗುತ್ತದೆ, ಬೆಂಕಿಯ ಗೋಳ ಏಳುತ್ತದೆ, ಟ್ಯಾಂಕಿನ ಚೂರುಗಳು ಹಾರುತ್ತವೆ. ಬ್ಲೆವಿ ಎಂದು ಕರೆಯುವುದು ಇದನ್ನೇ.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ರಿಲೀಫ್ ವಾಲ್ವ್ ಆವಿಯನ್ನು ಹೊರಬಿಡುತ್ತಾ ಹೋದಂತೆ ಒಳಗಿನ ದ್ರವದ ಮಟ್ಟ ಇಳಿಯುತ್ತದೆ, ಅಂದರೆ ದ್ರವದ ರಕ್ಷಣೆಯಿಲ್ಲದ ಗೋಡೆಯ ವಿಸ್ತಾರ ಹೆಚ್ಚುತ್ತದೆ. ಟ್ಯಾಂಕ್ ಖಾಲಿಯಾಗುತ್ತಿದೆ, ಇನ್ನೇನು ಅಪಾಯ ಕಳೆಯಿತು ಎಂದು ದೂರದಿಂದ ನೋಡುವವರಿಗೆ ಅನ್ನಿಸುವ ಹೊತ್ತಿನಲ್ಲಿಯೇ ಅದು ಹೆಚ್ಚು ದುರ್ಬಲವಾಗುತ್ತಿರಬಹುದು.

ಸಮಯದ ಬಗ್ಗೆ ಹೇಳುವುದಾದರೆ, ಉತ್ತರ ಅಮೆರಿಕದ ಅಗ್ನಿಶಾಮಕರು ಬಳಸುವ ತುರ್ತು ಮಾರ್ಗದರ್ಶಿಯ ಕೋಷ್ಟಕದಲ್ಲಿ 400 ಲೀಟರಿನ ಟ್ಯಾಂಕಿಗೆ ತೀವ್ರ ಜ್ವಾಲೆ ತಗಲಿದಾಗ ಒಡೆಯಲು ಬೇಕಾಗುವ ಕನಿಷ್ಠ ಸಮಯ 4 ನಿಮಿಷ ಎಂದೂ, 4,000 ಲೀಟರಿನ ಟ್ಯಾಂಕಿಗೆ 5 ನಿಮಿಷ ಎಂದೂ ಇದೆ. ಎಲ್ಲ ಟ್ಯಾಂಕುಗಳೂ ಅಷ್ಟು ಬೇಗ ಒಡೆಯುವುದಿಲ್ಲ. ಒಡೆಯದೆ ಉರಿದು ಮುಗಿದ ಟ್ಯಾಂಕುಗಳೂ ಸಾಕಷ್ಟಿವೆ. ಆದರೆ ಈ ಗಡಿಯಾರ ಶುರುವಾಗುವುದು ಜ್ವಾಲೆ ಲೋಹಕ್ಕೆ ತಗಲಿದ ಕ್ಷಣದಿಂದಲೇ ಹೊರತು ನಿಮ್ಮ ವಾಹನ ಸ್ಥಳಕ್ಕೆ ಬಂದ ಕ್ಷಣದಿಂದಲ್ಲ. ಕರೆ ಬಂದು, ಹೊರಟು, ತಲುಪುವಷ್ಟರಲ್ಲಿ ಆ ಕನಿಷ್ಠ ಸಮಯ ಸಾಮಾನ್ಯವಾಗಿ ಕಳೆದೇ ಹೋಗಿರುತ್ತದೆ. ಹಾಗಾಗಿ ಇಷ್ಟು ನಿಮಿಷ ಸಿಗುತ್ತದೆ ಎಂದು ಯಾವ ಸಂಖ್ಯೆಯನ್ನೂ ಸಿಬ್ಬಂದಿಯ ಕೈಗೆ ಕೊಡಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ತುದಿ ಮತ್ತು ಬದಿಯ ಮಾತು. 1998ರ ಏಪ್ರಿಲ್ 9ರ ರಾತ್ರಿ ಅಮೆರಿಕದ ಅಯೋವಾ ರಾಜ್ಯದ ಆಲ್ಬರ್ಟ್ ಸಿಟಿಯ ಬಳಿ ಟರ್ಕಿ ಕೋಳಿ ಸಾಕಣೆಯೊಂದರಲ್ಲಿ ಚಿಕ್ಕ ಮೋಟಾರು ವಾಹನವೊಂದು ನೆಲದ ಮೇಲಿದ್ದ ಪ್ರೋಪೇನ್ ಪೈಪುಗಳಿಗೆ ಬಡಿಯಿತು. ಪೈಪ್ ಮುರಿದು, ಸೋರಿದ ಅನಿಲ ಹೊತ್ತಿಕೊಂಡು, 18,000 ಗ್ಯಾಲನ್, ಅಂದರೆ ಸುಮಾರು 68,000 ಲೀಟರ್ ಸಾಮರ್ಥ್ಯದ ಟ್ಯಾಂಕನ್ನು ಕಾಯಿಸತೊಡಗಿತು. ಬೆಂಕಿ ಹತ್ತಿದ ಇಪ್ಪತ್ತು ನಿಮಿಷಗಳೊಳಗೆ ಟ್ಯಾಂಕ್ ಸಿಡಿಯಿತು. ಸ್ವಯಂಸೇವಕ ಅಗ್ನಿಶಾಮಕರಿಬ್ಬರು ಸತ್ತರು, ಇತರ ಏಳು ಮಂದಿ ಗಾಯಗೊಂಡರು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ನಡೆಸಿದ ತನಿಖೆ ಎತ್ತಿ ತೋರಿಸಿದ ಮುಖ್ಯ ಅಂಶವೇ ನೀವು ಕೇಳಿದ್ದು: ತುದಿಗಳಿಂದ ದೂರವಿದ್ದರೆ ಸಾಕು ಎಂಬ ತಿಳಿವಳಿಕೆಯನ್ನು ಅವರಿಗೆ ಬಂದ ತರಬೇತಿಯೇ ಕೊಟ್ಟಿತ್ತು. ಟ್ಯಾಂಕಿನ ತುದಿ ಕಳಚಿಕೊಂಡು ಬಹಳ ದೂರ ಹಾರುವುದು ನಿಜ, ಆದರೆ ಚೂರುಗಳು ಎಲ್ಲ ದಿಕ್ಕುಗಳಿಗೂ ಹಾರುತ್ತವೆ. ಬದಿ ಎಂಬುದು ಸುರಕ್ಷಿತ ದಿಕ್ಕಲ್ಲ.

ಅದೇ ಘಟನೆಯಲ್ಲಿ ಇನ್ನೊಂದು ಪಾಠವೂ ಇತ್ತು. ಪೈಪ್ ಮುರಿದಾಗ ಹರಿವು ಹೆಚ್ಚಾದರೆ ತಾನಾಗಿ ಮುಚ್ಚಿಕೊಳ್ಳಬೇಕಾದ ಎಕ್ಸೆಸ್ ಫ್ಲೋ ವಾಲ್ವ್ ಟ್ಯಾಂಕಿನಲ್ಲಿತ್ತು. ಆದರೆ ಅದರ ಮುಂದಿನ ಪೈಪುಗಳು ಕಿರಿದಾಗಿದ್ದುದರಿಂದ ವಾಲ್ವ್ ಮುಚ್ಚಲು ಬೇಕಾದಷ್ಟು ಹರಿವು ಉಂಟಾಗಲೇ ಇಲ್ಲ. ಸುರಕ್ಷತಾ ಸಾಧನ ಇದೆ ಎಂಬುದೂ ಅದು ಕೆಲಸ ಮಾಡುತ್ತಿದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಇದೆಲ್ಲವನ್ನು ನೋಡಿದರೆ ಕೈಯಲ್ಲಿ ಹೋಸ್ ಹಿಡಿದು ಟ್ಯಾಂಕಿನ ಬಳಿಗೆ ನಡೆಯುವ ಅಭ್ಯಾಸವನ್ನೇ ಕೈಬಿಡುವುದು ಒಳ್ಳೆಯದು ಎನ್ನಿಸುತ್ತದೆ.

ಉತ್ತರ: ಹಿರಿಯ ಠಾಣಾಧಿಕಾರಿ

ಮೇಲಿನ ವಿವರಣೆ ಚೆನ್ನಾಗಿದೆ, ಅದಕ್ಕೆ ಎರಡು ಘಟನೆಗಳನ್ನು ಸೇರಿಸಬಯಸುತ್ತೇನೆ, ಏಕೆಂದರೆ ಸಿಬ್ಬಂದಿಗೆ ಸೂತ್ರಕ್ಕಿಂತ ನಡೆದ ಸಂಗತಿ ಮನಸ್ಸಿನಲ್ಲಿ ಉಳಿಯುತ್ತದೆ.

1966ರ ಜನವರಿ 4ರಂದು ಫ್ರಾನ್ಸಿನ ಫೆಝಾಂ ಸಂಸ್ಕರಣಾಗಾರದಲ್ಲಿ ಪ್ರೋಪೇನ್ ತುಂಬಿದ ಗೋಳಾಕಾರದ ಟ್ಯಾಂಕಿನ ತಳದಿಂದ ನೀರು ಬಸಿಯುವಾಗ ವಾಲ್ವ್‌ಗಳನ್ನು ಮುಚ್ಚಲಾಗದೆ ಅನಿಲ ಹೊರಬಂದು, ಹತ್ತಿರದ ರಸ್ತೆಯವರೆಗೆ ಹರಡಿ, ಅಲ್ಲಿನ ವಾಹನವೊಂದರಿಂದ ಹೊತ್ತಿಕೊಂಡಿತು. ಅಗ್ನಿಶಾಮಕರು ನೀರನ್ನು ಮುಖ್ಯವಾಗಿ ಅಕ್ಕಪಕ್ಕದ ಗೋಳಗಳ ಮೇಲೆ ಹಾಯಿಸಿದರು. ಉರಿಯುತ್ತಿದ್ದ ಗೋಳದ ರಿಲೀಫ್ ವಾಲ್ವ್ ತೆರೆದಿತ್ತು. ಸುಮಾರು ಒಂದೂವರೆ ಗಂಟೆಯ ಬಳಿಕ ಆ ಗೋಳವೇ ಸಿಡಿಯಿತು. ಸತ್ತ 18 ಮಂದಿಯಲ್ಲಿ 11 ಮಂದಿ ಅಗ್ನಿಶಾಮಕರು. 1973ರ ಜುಲೈ 5ರಂದು ಅರಿಝೋನಾದ ಕಿಂಗ್‌ಮನ್‌ನಲ್ಲಿ ರೈಲ್ವೆ ಟ್ಯಾಂಕರಿನಿಂದ ಪ್ರೋಪೇನ್ ಇಳಿಸುವಾಗ ಬೆಂಕಿ ಹತ್ತಿ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಟ್ಯಾಂಕರ್ ಸಿಡಿದಾಗಲೂ 11 ಅಗ್ನಿಶಾಮಕರು ಸತ್ತರು. ಅಲ್ಲಿ ಸುಮಾರು 300 ಮೀಟರ್ ದೂರದ ಹೆದ್ದಾರಿಯಲ್ಲಿ ನಿಂತು ನೋಡುತ್ತಿದ್ದ ಜನರಿಗೂ ಸುಟ್ಟಗಾಯಗಳಾದವು. ಒಂದರಲ್ಲಿ ಒಂದೂವರೆ ಗಂಟೆ, ಇನ್ನೊಂದರಲ್ಲಿ ಇಪ್ಪತ್ತು ನಿಮಿಷ. ಸಮಯವನ್ನು ನಂಬಿಕೊಂಡು ತಂತ್ರ ರೂಪಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಸಮೀಪಿಸುವ ಅಭ್ಯಾಸವನ್ನೇ ಕೈಬಿಡಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಪ್ರೋಪೇನ್ ಬೆಂಕಿಗಳೆಲ್ಲ ಒಂದೇ ಅಲ್ಲ. ಟ್ಯಾಂಕಿನಿಂದ ದೂರದ ಪೈಪಿನ ಜೋಡಣೆಯಲ್ಲಿ ಉರಿಯುವ ಬೆಂಕಿ, ಅದರ ಜ್ವಾಲೆ ಟ್ಯಾಂಕಿಗೆ ತಗಲದೆ ಬೇರೆಡೆಗೆ ಚಿಮ್ಮುತ್ತಿದ್ದರೆ, ಮತ್ತು ಮುಚ್ಚಬಹುದಾದ ವಾಲ್ವ್ ಎಲ್ಲಿದೆ ಎಂಬುದು ಖಚಿತವಾಗಿ ಗೊತ್ತಿದ್ದರೆ, ತಂಡ ನೀರಿನ ಮರೆಯಲ್ಲಿ ಹೋಗಿ ಅದನ್ನು ಮುಚ್ಚುವುದೇ ಸರಿಯಾದ ಕ್ರಮ. ಸೋರಿಕೆಯನ್ನು ನಿಲ್ಲಿಸಲು ಸಾಧ್ಯವಿಲ್ಲದಿದ್ದರೆ ಜ್ವಾಲೆಯನ್ನು ಆರಿಸಲೇಬಾರದು ಎಂಬುದು ನಮ್ಮೆಲ್ಲರಿಗೂ ಮೊದಲ ದಿನ ಹೇಳಿಕೊಡುವ ನಿಯಮ. ಆರಿದ ಜ್ವಾಲೆಯ ಜಾಗದಲ್ಲಿ ಕಣ್ಣಿಗೆ ಕಾಣದ ಆವಿ ಹರಡಿ, ಇನ್ನೆಲ್ಲೋ ಹೊತ್ತಿಕೊಂಡು, ತಂಡವನ್ನೇ ಸುತ್ತುವರಿಯುತ್ತದೆ. ಉರಿಯುತ್ತಿರುವ ಸೋರಿಕೆ ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ.

ಆದ್ದರಿಂದ ನನ್ನ ಪ್ರಕಾರ ಎಲ್ಲ ತೀರ್ಮಾನಗಳೂ ತಿರುಗುವುದು ಒಂದೇ ಪ್ರಶ್ನೆಯ ಸುತ್ತ: ಜ್ವಾಲೆ ಎಲ್ಲಿಗೆ ತಗಲುತ್ತಿದೆ? ದ್ರವದ ಮಟ್ಟಕ್ಕಿಂತ ಮೇಲಿನ ಗೋಡೆಗೆ ತಗಲುತ್ತಿದ್ದರೆ, ಆಗಲೇ ನೀರು ಬೀಳುತ್ತಿಲ್ಲದಿದ್ದರೆ, ಮತ್ತು ಎಷ್ಟು ಹೊತ್ತಿನಿಂದ ತಗಲುತ್ತಿದೆ ಎಂದು ಯಾರೂ ಹೇಳಲಾರರಾದರೆ, ಮನುಷ್ಯರು ಅಲ್ಲಿಗೆ ಹೋಗುವ ಮಾತೇ ಇಲ್ಲ. ಜನರನ್ನು ತೆರವುಗೊಳಿಸುವುದೇ ಆಗ ನಮ್ಮ ಕೆಲಸ. ಟ್ಯಾಂಕರ್ ವಾಹನ ಅಥವಾ ರೈಲ್ವೆ ಟ್ಯಾಂಕರ್ ಬೆಂಕಿಗೆ ಸಿಕ್ಕಿದ್ದರೆ ಎಲ್ಲ ದಿಕ್ಕುಗಳಲ್ಲಿ 1,600 ಮೀಟರ್ ತೆರವು ಎಂದು ಅದೇ ಮಾರ್ಗದರ್ಶಿ ಹೇಳುತ್ತದೆ. ರಿಲೀಫ್ ವಾಲ್ವ್‌ನ ಸದ್ದು ಏರತೊಡಗಿದರೆ, ಟ್ಯಾಂಕಿನ ಬಣ್ಣ ಬದಲಾದರೆ, ಎಲ್ಲಾದರೂ ಉಬ್ಬು ಕಾಣಿಸಿಕೊಂಡರೆ ಕೂಡಲೇ ಹಿಂದೆ ಸರಿಯಬೇಕು. ಆದರೆ ಈ ಲಕ್ಷಣಗಳು ಕಾಣಿಸಿಕೊಳ್ಳುವವರೆಗೆ ಕಾಯಬಹುದು ಎಂದು ಇದರ ಅರ್ಥವಲ್ಲ. ಉಬ್ಬು ಕಣ್ಣಿಗೆ ಬೀಳುವಷ್ಟು ಹತ್ತಿರ ನಿಂತವರಿಗೆ ಓಡಲು ಹೊತ್ತು ಉಳಿದಿರುವುದಿಲ್ಲ.

ನೀರಿನ ಲೆಕ್ಕವನ್ನು ಪ್ರತಿಯೊಬ್ಬರಿಂದಲೂ ಕಾಗದದ ಮೇಲೆ ಮಾಡಿಸಿ. 4,000 ಲೀಟರಿನ ಟ್ಯಾಂಕನ್ನು ತಂಪಾಗಿಡಲು ನಿಮಿಷಕ್ಕೆ ಸುಮಾರು 600 ಲೀಟರ್ ನೀರು ಬೇಕು. ವಾಹನದಲ್ಲಿ 3,000 ಲೀಟರ್ ಇದ್ದರೆ ಅದು ಐದು ನಿಮಿಷಕ್ಕೆ ಮುಗಿಯುತ್ತದೆ. ದೊಡ್ಡ ಟ್ಯಾಂಕುಗಳಿಗೆ ಜ್ವಾಲೆ ತಗಲುವ ಒಂದೊಂದು ಜಾಗಕ್ಕೂ ನಿಮಿಷಕ್ಕೆ 1,900 ಲೀಟರ್ ಬೇಕು ಎಂಬುದು ರೂಢಿಯ ಲೆಕ್ಕ. ನಿರಂತರ ಪೂರೈಕೆ ಸಿಗದೆ ಶುರುಮಾಡಿದ ತಂಪಾಗಿಸುವಿಕೆ, ತಂಡವನ್ನು ಅತ್ಯಂತ ಹತ್ತಿರಕ್ಕೆ ಎಳೆದೊಯ್ದು ಅಲ್ಲಿ ಬರಿಗೈಯಲ್ಲಿ ನಿಲ್ಲಿಸುತ್ತದೆ.

ಉತ್ತರ: ಬರ್ನರ್ ನಿಯಂತ್ರಣ

ನಾನು ಇಂಥ ಅಭ್ಯಾಸದ ಟ್ಯಾಂಕಿನ ನಿಯಂತ್ರಣದಲ್ಲಿ ನಿಲ್ಲುವ ತರಬೇತುದಾರ. ನಿಮ್ಮ ಮೊದಲ ಪ್ರಶ್ನೆಯೇ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಮೇಲಿನ ಇಬ್ಬರು ಹೇಳಿದ್ದೆಲ್ಲವನ್ನೂ ತಿಳಿದ ಸಿಬ್ಬಂದಿಯೂ ಅಂಗಳದಲ್ಲಿ ಕಲಿತದ್ದನ್ನೇ ಸ್ಥಳದಲ್ಲಿ ಮಾಡುತ್ತಾರೆ. ಗಾಬರಿಯ ಹೊತ್ತಿನಲ್ಲಿ ನೆನಪಿಗೆ ಬರುವುದು ಮೈಗೆ ಅಭ್ಯಾಸವಾದದ್ದು.

ಮೊದಲು ಅಭ್ಯಾಸದ ಸುರಕ್ಷತೆಯ ವಿಷಯ. ದ್ರವ ತುಂಬಿದ ನಿಜವಾದ ಟ್ಯಾಂಕನ್ನು ತರಬೇತಿಗಾಗಿ ಕಾಯಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಅನಿಲ ಹೊರಗಿನ ಸಂಗ್ರಹದಿಂದಲೇ ಬರಬೇಕು, ಅದನ್ನು ನಿಯಂತ್ರಿಸುವವರು ಕೈಬಿಟ್ಟ ತಕ್ಷಣ ಮುಚ್ಚಿಕೊಳ್ಳುವ ವಾಲ್ವ್ ಇರಬೇಕು, ಆ ವ್ಯಕ್ತಿಗೆ ಬೇರೆ ಕೆಲಸ ಕೊಡಬಾರದು, ಮತ್ತು ಅವರಿಗೆ ತಂಡದ ಇಬ್ಬರೂ ಬ್ರಾಂಚ್ (ಹೋಸ್‌ನ ತುದಿಯ ನಳಿಕೆ) ಹಿಡಿದವರು ಸದಾ ಕಾಣುತ್ತಿರಬೇಕು. ನಿಜವಾದ ಬೆಂಕಿ ಹಚ್ಚಿ ನಡೆಸುವ ತರಬೇತಿಗೆ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಎನ್‌ಎಫ್‌ಪಿಎ 1403 ಮಾನದಂಡ ಪ್ರತ್ಯೇಕ ಸುರಕ್ಷತಾಧಿಕಾರಿಯನ್ನೂ, ಒಬ್ಬ ತರಬೇತುದಾರರಿಗೆ ಐವರಿಗಿಂತ ಹೆಚ್ಚು ಕಲಿಯುವವರು ಇರಬಾರದೆಂಬ ಮಿತಿಯನ್ನೂ, ಮುಂದಿನ ಹೋಸ್‌ಗಳಿಗೂ ರಕ್ಷಣೆಗಾಗಿ ಹಿಂದೆ ನಿಲ್ಲುವ ಹೋಸ್‌ಗೂ ಬೇರೆ ಬೇರೆ ನೀರಿನ ಮೂಲಗಳನ್ನೂ ಕೇಳುತ್ತದೆ. ಆ ಮಾನದಂಡ ಅನ್ವಯಿಸದ ಕಡೆಯೂ ಇದನ್ನು ಪಾಲಿಸುವುದರಿಂದ ನಷ್ಟವೇನಿಲ್ಲ.

ಸಮೀಪಿಸುವ ಅಭ್ಯಾಸದಲ್ಲಿ ನಾನು ಹೆಚ್ಚು ಗಮನಿಸುವುದು ಕಾಲುಗಳನ್ನು. ಇಬ್ಬರು ಬ್ರಾಂಚ್ ಹಿಡಿದವರು ಪಕ್ಕಪಕ್ಕದಲ್ಲಿ ನಿಂತು, ಎರಡೂ ಫಾಗ್‌ಗಳ ಅಂಚುಗಳು ಒಂದರ ಮೇಲೊಂದು ಬರುವಂತೆ ಹಿಡಿದಿರುತ್ತಾರೆ. ನಡುವಿನ ನಾಯಕರು ಇಬ್ಬರ ಭುಜಗಳ ಮೇಲೂ ಕೈಯಿಟ್ಟಿರುತ್ತಾರೆ. ಒಬ್ಬರು ಅರ್ಧ ಹೆಜ್ಜೆ ಮುಂದಾದರೂ ಸಾಕು, ಎರಡು ಫಾಗ್‌ಗಳ ನಡುವೆ ಕಿಂಡಿಯೊಂದು ತೆರೆದುಕೊಂಡು ಜ್ವಾಲೆಯ ನಾಲಗೆ ನೇರವಾಗಿ ನಾಯಕರ ಮುಖದ ಕಡೆಗೆ ಬರುತ್ತದೆ. ಕಾಲೆತ್ತಿ ಇಡದೆ ನೆಲಕ್ಕೆ ಉಜ್ಜಿಕೊಂಡು ಸಾಗಬೇಕು ಎನ್ನುವುದು ಇದಕ್ಕಾಗಿಯೇ. ನಾಯಕರು ವಾಲ್ವ್ ಮೇಲೆ ಕೈಯಿಟ್ಟಾಗ ಅವರ ಹಿಡಿತ ಭುಜಗಳಿಂದ ತಪ್ಪುತ್ತದೆ. ಆ ಗಳಿಗೆಯಲ್ಲಿ ಇಬ್ಬರೂ ಅಲುಗಾಡದೆ ನಿಲ್ಲಬೇಕು, ನೀರಿನ ರಭಸ ಜ್ವಾಲೆಯನ್ನು ತಳ್ಳಿ ಆರಿಸಿಬಿಡದಂತೆ ಫಾಗ್‌ನ ಕೋನವನ್ನೂ ಕಾಯ್ದುಕೊಳ್ಳಬೇಕು. ಇದೆಲ್ಲವೂ ಕಲಿಯಬೇಕಾದ ಕೌಶಲವೇ. ಆದ್ದರಿಂದ ಸಮೀಪಿಸುವುದನ್ನು ಕಲಿಸಬೇಕೆಂಬ ಹಿರಿಯರ ಮಾತಿಗೆ ನನ್ನ ಸಹಮತವಿದೆ.

ಆದರೆ ಅಭ್ಯಾಸ ಹೋಸ್ ಬಿಡಿಸುವುದರಿಂದ ಶುರುವಾಗಬಾರದು. ನಾನು ತಂಡವನ್ನು ಟ್ಯಾಂಕಿನಿಂದ ಸಾಧ್ಯವಿದ್ದಷ್ಟು ದೂರದಲ್ಲಿ ನಿಲ್ಲಿಸಿ, ನಾಯಕರ ಕೈಗೆ ದೂರದರ್ಶಕ ಕೊಟ್ಟು, ಐದು ಪ್ರಶ್ನೆಗಳಿಗೆ ಉತ್ತರ ಬರೆಸುತ್ತೇನೆ: ಟ್ಯಾಂಕಿನ ಗಾತ್ರವೆಷ್ಟು, ಜ್ವಾಲೆ ಎಲ್ಲಿಗೆ ತಗಲುತ್ತಿದೆ, ಯಾವಾಗಿನಿಂದ, ಮುಚ್ಚಬಹುದಾದ ವಾಲ್ವ್ ಯಾವುದು, ನಿರಂತರ ನೀರು ಎಷ್ಟಿದೆ. ಪ್ರತಿ ಸುತ್ತಿನಲ್ಲೂ ಸನ್ನಿವೇಶ ಬೇರೆ. ಕೆಲವು ಸುತ್ತುಗಳಲ್ಲಿ ಸರಿಯಾದ ಉತ್ತರವೆಂದರೆ ಅಲ್ಲಿಂದ ಮುಂದೆ ಹೋಗದಿರುವುದು. ತಂಡ ಹಾಗೆ ತೀರ್ಮಾನಿಸಿದರೆ ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ, ಬರ್ನರ್ ಆರುತ್ತದೆ, ಪೂರ್ಣ ಅಂಕ ಸಿಗುತ್ತದೆ. ಬೆಂಕಿಯ ಹತ್ತಿರ ಹೋಗದ ದಿನವೂ ತರಬೇತಿಯ ದಿನವೇ ಎಂದು ಸಿಬ್ಬಂದಿಗೆ ಮನವರಿಕೆಯಾಗಲು ಸ್ವಲ್ಪ ಕಾಲ ಬೇಕಾಗುತ್ತದೆ. ಮೊದಮೊದಲು ಅವರ ಮುಖದಲ್ಲಿ ನಿರಾಸೆ ಕಾಣುತ್ತದೆ.

ಇನ್ನು ಕೆಲವು ಸುತ್ತುಗಳಲ್ಲಿ ತಂಡ ಅರ್ಧ ದಾರಿಯಲ್ಲಿರುವಾಗ ಧ್ವನಿವರ್ಧಕದಲ್ಲಿ ರಿಲೀಫ್ ವಾಲ್ವ್‌ನ ಸದ್ದನ್ನು ಹಾಕಿ ನಿಧಾನವಾಗಿ ಏರಿಸುತ್ತೇವೆ. ಒಮ್ಮೊಮ್ಮೆ ಪಂಪ್ ಚಾಲಕರು ನೀರು ಇಷ್ಟೇ ಉಳಿದಿದೆ ಎಂದು ರೇಡಿಯೋದಲ್ಲಿ ಹೇಳುತ್ತಾರೆ. ಒಮ್ಮೊಮ್ಮೆ ವಾಲ್ವ್ ತಿರುಗದಂತೆ ಬಿಗಿದಿರುತ್ತೇವೆ. ಆ ಬಿಗಿದ ವಾಲ್ವ್‌ನ ಮುಂದೆಯೇ ತಂಡದ ನಿಜವಾದ ಪರೀಕ್ಷೆ ನಡೆಯುತ್ತದೆ. ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ಸಲ ಬಲ ಹಾಕೋಣ ಎಂದು ಕೈ ಹೇಳುತ್ತದೆ. ಒಂದು ಯತ್ನ, ತಿರುಗದಿದ್ದರೆ ಹಿಂದಕ್ಕೆ ಎಂಬ ನಿಯಮವನ್ನು ಅಲ್ಲಿ ಪಾಲಿಸಲು ಕಲಿತವರು ಮುಂದೆಯೂ ಪಾಲಿಸುತ್ತಾರೆ.

ಮಾನಿಟರ್, ಅಂದರೆ ಯಾರೂ ಹಿಡಿದಿರದೆಯೇ ನೀರು ಚಿಮ್ಮುವ ದೊಡ್ಡ ನಳಿಕೆ, ಇಟ್ಟು ಬರುವ ಅಭ್ಯಾಸವನ್ನು ಬಹಳ ಕಡೆ ಮಾಡಿಸುವುದೇ ಇಲ್ಲ, ಅದು ನನಗೆ ಬೇಸರದ ವಿಷಯ. ನೆಲದ ಮೇಲೆ ಕೂರಿಸುವ ಮಾನಿಟರನ್ನು ತಂದು, ನೀರಿನ ಧಾರೆ ಟ್ಯಾಂಕಿನ ಮೇಲ್ಭಾಗಕ್ಕೆ ಬಿದ್ದು ಎರಡೂ ಬದಿಗೆ ಹರಿಯುವಂತೆ ಗುರಿಯಿಟ್ಟು, ಭದ್ರಪಡಿಸಿ, ಅದನ್ನು ಅಲ್ಲಿಯೇ ಬಿಟ್ಟು ಎಲ್ಲರೂ ದೂರ ಸರಿಯುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಪ್ರತಿ ತಂಡವೂ ಅಳೆದು ತಿಳಿದಿರಬೇಕು. ನೀರು ಬಿದ್ದ ಮೇಲೆ ಟ್ಯಾಂಕಿನ ಗೋಡೆಯನ್ನು ನೋಡುವುದನ್ನೂ ಕಲಿಸಬೇಕು. ನೀರು ತೆಳುವಾದ ಪದರವಾಗಿ ಹರಿದು ಕೆಳಗಿಳಿಯುವ ಕಡೆ ಗೋಡೆ ತಂಪಾಗಿದೆ. ಬಿದ್ದ ನೀರು ಕೂಡಲೇ ಹಬೆಯಾಗಿ ಎದ್ದು ಜಾಗ ಒಣಗಿದಂತೆ ಕಾಣುವ ಕಡೆ ಲೋಹ 100 ಡಿಗ್ರಿಯನ್ನು ಮೀರಿದೆ, ಅಲ್ಲಿಗೆ ಇನ್ನೂ ನೀರು ಬೇಕು. ರಿಲೀಫ್ ವಾಲ್ವ್‌ನ ಮೇಲೆ ಮಾತ್ರ ನೀರು ಬಿಡಬಾರದು, ಅದು ಮಂಜುಗಟ್ಟಿ ಸಿಕ್ಕಿಹಾಕಿಕೊಳ್ಳಬಹುದು.

ಮರುಪ್ರಶ್ನೆ: ತಾಲೀಮು ಅಂಗಳ

ಮೂವರಿಗೂ ಕೃತಜ್ಞತೆಗಳು. ಬಿಗಿದ ವಾಲ್ವ್‌ನ ಸುತ್ತನ್ನು ಮತ್ತು ದೂರದಲ್ಲಿಯೇ ಮುಗಿಯುವ ಸುತ್ತನ್ನು ನಮ್ಮ ಮುಂದಿನ ಕಾರ್ಯಕ್ರಮದಲ್ಲಿ ಸೇರಿಸುತ್ತೇನೆ. ಇನ್ನೆರಡು ಸಂದೇಹಗಳು ಉಳಿದಿವೆ. ಟ್ಯಾಂಕಿಗೆ ಬೆಂಕಿ ಇಲ್ಲದೆ ಬರಿಯ ಸೋರಿಕೆ ಇದ್ದಾಗ, ಅಥವಾ ಟ್ಯಾಂಕ್ ಉರುಳಿ ಬಿದ್ದು ಜಜ್ಜಿಹೋಗಿದ್ದಾಗ, ಸಿಬ್ಬಂದಿ ಸಹಜವಾಗಿಯೇ ನಿರಾಳರಾಗುತ್ತಾರೆ. ಬೆಂಕಿ ಕಾಣದಿರುವುದೇ ಅದಕ್ಕೆ ಕಾರಣ. ಅದನ್ನು ಹೇಗೆ ತಿದ್ದುವುದು? ಎರಡನೆಯದು, ಹಿಂದೆ ಸರಿಯುವ ಆದೇಶ ಕೊಡುವ ಅಧಿಕಾರ ಯಾರಲ್ಲಿರಬೇಕು?

ಉತ್ತರ: ಒತ್ತಡಪಾತ್ರೆ

ಜಜ್ಜಿದ ಟ್ಯಾಂಕಿನ ಬಗ್ಗೆ ವೇವರ್ಲಿಯ ಘಟನೆಯನ್ನು ಹೇಳಿ. 1978ರ ಫೆಬ್ರವರಿ 22ರಂದು ಅಮೆರಿಕದ ಟೆನ್ನೆಸ್ಸಿ ರಾಜ್ಯದ ಈ ಪಟ್ಟಣದಲ್ಲಿ ರೈಲು ಹಳಿತಪ್ಪಿತು. ಹಾನಿಗೊಂಡ ಪ್ರೋಪೇನ್ ಟ್ಯಾಂಕರಿನಿಂದ ಸೋರಿಕೆಯೂ ಇರಲಿಲ್ಲ, ಅದಕ್ಕೆ ಬೆಂಕಿಯೂ ತಗಲಿರಲಿಲ್ಲ. ಎರಡು ದಿನಗಳ ಬಳಿಕ, 24ರಂದು, ಹವೆ ಬೆಚ್ಚಗಾಗಿತ್ತು, ದ್ರವವನ್ನು ಬೇರೆಡೆಗೆ ವರ್ಗಾಯಿಸುವ ಸಿದ್ಧತೆ ನಡೆದಿತ್ತು. ಆಗ ಟ್ಯಾಂಕರ್ ಒಡೆದು 16 ಮಂದಿ ಸತ್ತರು, ಪಟ್ಟಣದ ಅಗ್ನಿಶಾಮಕ ಮುಖ್ಯಸ್ಥರು ಮತ್ತು ಪೊಲೀಸ್ ಮುಖ್ಯಸ್ಥರು ಕೂಡ ಅವರಲ್ಲಿದ್ದರು. ಜಜ್ಜಿದ ಅಥವಾ ಗೀರುಬಿದ್ದ ಗೋಡೆಯಲ್ಲಿ ಬಿರುಕು ಇದ್ದರೆ, ಬಿಸಿಲಿನಿಂದ ಏರುವ ಸಾಮಾನ್ಯ ಒತ್ತಡವೇ ಅದನ್ನು ಸೀಳಲು ಸಾಕಾಗಬಹುದು. ಜಜ್ಜಿದ ಟ್ಯಾಂಕನ್ನು ಎಳೆಯುವ, ಎತ್ತುವ, ತಿರುಗಿಸುವ ಮುನ್ನ ಅದನ್ನು ಬಲ್ಲವರು ಪರೀಕ್ಷಿಸಬೇಕು. ಅಲ್ಲಿಯವರೆಗೆ ಸುತ್ತಲಿನ ಜಾಗ ತೆರವಾಗಿಯೇ ಇರಬೇಕು.

ಸೋರಿಕೆಗೆ ಸಂಬಂಧಿಸಿ ಒಂದು ಸಣ್ಣ ಲೆಕ್ಕ. ಒಂದು ಲೀಟರ್ ದ್ರವ ಪ್ರೋಪೇನ್ ಆವಿಯಾದರೆ ಸುಮಾರು 270 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಸುಮಾರು 2.1 ಶೇಕಡಾ ಬೆರೆತರೂ ಅದು ಹೊತ್ತಿಕೊಳ್ಳಬಲ್ಲದು. ಅಂದರೆ ಒಂದೇ ಲೀಟರ್ ದ್ರವ ಸರಿಸುಮಾರು 12,000 ಲೀಟರ್‌ಗೂ ಹೆಚ್ಚು ಗಾಳಿಯನ್ನು, ಒಂದು ಚಿಕ್ಕ ಕೋಣೆಯನ್ನು, ಹೊತ್ತಿಕೊಳ್ಳುವ ಮಿಶ್ರಣವಾಗಿ ಮಾಡುತ್ತದೆ. ಪ್ರೋಪೇನ್ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಅದು ಚರಂಡಿ, ನೆಲಮಾಳಿಗೆ, ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಬಿಳಿ ಮೋಡ ತಣ್ಣಗಾದ ಗಾಳಿಯ ತೇವಾಂಶ ಮಾತ್ರ. ಹೊತ್ತಿಕೊಳ್ಳುವ ಅನಿಲ ಆ ಮೋಡದ ಅಂಚಿನಿಂದಾಚೆಗೂ ಹರಡಿರಬಹುದು. ವಾಸನೆಯನ್ನು ನಂಬದೆ ಅನಿಲ ಮಾಪಕವನ್ನೇ ನಂಬಬೇಕು.

2007ರ ಜನವರಿ 30ರಂದು ವೆಸ್ಟ್ ವರ್ಜೀನಿಯಾದ ಘೆಂಟ್‌ನಲ್ಲಿ ಅಂಗಡಿಯೊಂದರ ಹಿಂಗೋಡೆಗೆ ತಾಗಿಕೊಂಡಿದ್ದ ಟ್ಯಾಂಕಿನಿಂದ ಪ್ರೋಪೇನ್ ಸೋರಿ ಕಟ್ಟಡದೊಳಗೆ ಸೇರಿತ್ತು. ಒಳಗಿದ್ದವರನ್ನು ದೂರಕ್ಕೆ ಕಳುಹಿಸುವ ಮುನ್ನವೇ ಸ್ಫೋಟವಾಗಿ ನಾಲ್ವರು ಸತ್ತರು. ಅವರಲ್ಲಿ ಇಬ್ಬರು ನೆರವಿಗೆ ಬಂದ ತುರ್ತು ಸಿಬ್ಬಂದಿ. ಸೋರಿಕೆಯ ಕರೆಗೆ ಹೋದಾಗ ಮೊದಲ ಕೆಲಸ ಕಟ್ಟಡವನ್ನು ಖಾಲಿ ಮಾಡಿಸುವುದು. ಸೋರಿಕೆಯ ಜಾಗವನ್ನು ಹುಡುಕುವುದು ಆಮೇಲೆ.

ಸಮೀಪಿಸುವ ಅಭ್ಯಾಸದ ಬಗ್ಗೆ ಉಳಿದ ಇಬ್ಬರು ಹೇಳಿದ್ದನ್ನು ಓದಿದ ಮೇಲೆ ನನ್ನ ನಿಲುವನ್ನು ಸ್ವಲ್ಪ ಬದಲಿಸಿಕೊಳ್ಳುತ್ತೇನೆ. ಜ್ವಾಲೆ ಟ್ಯಾಂಕಿಗೆ ತಗಲದಿರುವ ಬೆಂಕಿಗೆ ಆ ಕೌಶಲ ಬೇಕು, ಒಪ್ಪುತ್ತೇನೆ. ಆದರೆ ಅಭ್ಯಾಸದ ಟ್ಯಾಂಕಿನ ಬರ್ನರ್‌ಗಳು ಟ್ಯಾಂಕಿನ ಮೈಯನ್ನೇ ಸುತ್ತುವಂತೆ ಜೋಡಿಸಿ, ಅದೇ ಬೆಂಕಿಯೊಳಗೆ ತಂಡವನ್ನು ನಡೆಸಿದರೆ ತಪ್ಪು ಚಿತ್ರವೇ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಸಮೀಪಿಸುವ ಸುತ್ತುಗಳಲ್ಲಿ ಪೈಪಿನ ಜೋಡಣೆಯ ಬರ್ನರ್ ಮಾತ್ರ ಉರಿಯಲಿ. ಮೈಸುತ್ತುವ ಬರ್ನರ್‌ಗಳನ್ನು ಹಚ್ಚಿದ ಸುತ್ತಿನಲ್ಲಿ ಉತ್ತರ ಯಾವಾಗಲೂ ಮಾನಿಟರ್ ಅಥವಾ ತೆರವು ಆಗಿರಲಿ.

ಉತ್ತರ: ಹಿರಿಯ ಠಾಣಾಧಿಕಾರಿ

ಬರ್ನರ್‌ಗಳ ಬಗ್ಗೆ ಎಂಜಿನಿಯರ್ ಹೇಳಿದ ಈ ಸಲಹೆ ಇಲ್ಲಿ ಬಂದ ಎಲ್ಲ ಮಾತುಗಳಿಗಿಂತ ಬೆಲೆಯುಳ್ಳದ್ದು ಎಂದು ನನಗನಿಸುತ್ತದೆ. ನಮ್ಮ ಕಡೆ ಯಾರೂ ಹಾಗೆ ಬೇರ್ಪಡಿಸಿ ಯೋಚಿಸಿರಲಿಲ್ಲ.

ಆದೇಶದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಮುಂದೆ ಹೋಗಿ ಎಂದು ಹೇಳುವ ಅಧಿಕಾರ ಸ್ಥಳದ ಮುಖ್ಯಾಧಿಕಾರಿಯೊಬ್ಬರದೇ. ಹಿಂದೆ ಸರಿಯಿರಿ ಎಂದು ಹೇಳುವ ಅಧಿಕಾರ ಎಲ್ಲರದ್ದು, ನಿನ್ನೆ ಸೇರಿದವರದ್ದೂ ಸೇರಿ. ಆ ಮಾತು ಯಾರ ಬಾಯಿಂದ ಬಂದರೂ ತಂಡ ಮೊದಲು ಸರಿಯಬೇಕು, ಸುರಕ್ಷಿತ ದೂರ ತಲುಪಿದ ಮೇಲೆ ಕಾರಣ ಕೇಳಬೇಕು. ತಪ್ಪಾಗಿ ಕೂಗಿದವರನ್ನು ಗದರಿಸಿದರೆ ಮುಂದಿನ ಸಲ ಸರಿಯಾಗಿ ಕೂಗಬೇಕಾದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಬಿ.ಎ. ಸೆಟ್ (ಉಸಿರಾಟದ ಸಾಧನ) ಮುಖಕ್ಕೆ ಹಾಕಿಕೊಂಡು, ನೀರು ಮತ್ತು ಜ್ವಾಲೆಯ ಸದ್ದಿನ ನಡುವೆ ಬಾಯಿಮಾತು ಕೇಳಿಸುವುದಿಲ್ಲವಾದ್ದರಿಂದ ರೇಡಿಯೋ ಸಂಕೇತದ ಜೊತೆಗೆ ವಾಹನದ ಹಾರ್ನ್‌ನ ದೀರ್ಘ ಸಂಕೇತವೂ ನಿಗದಿಯಾಗಿರಲಿ, ಮತ್ತು ಅದನ್ನು ಪ್ರತಿ ಅಭ್ಯಾಸದಲ್ಲೂ ಒಮ್ಮೆಯಾದರೂ ಬಳಸಿ.

ಸರಿಯುವುದರಲ್ಲಿಯೂ ಎರಡು ಬಗೆಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸಿ. ವಾಲ್ವ್ ಮುಚ್ಚಿದ ಬಳಿಕ ಅಥವಾ ಅದು ತಿರುಗದಿದ್ದಾಗ ತಂಡ ನೀರಿನ ಮರೆಯನ್ನು ಬಿಡದೆ, ಬೆಂಕಿಯ ಕಡೆಗೇ ಮುಖಮಾಡಿ, ಹೆಜ್ಜೆಹೆಜ್ಜೆಯಾಗಿ ಹಿಂದೆ ಬರುತ್ತದೆ. ತುರ್ತು ಸಂಕೇತ ಬಂದಾಗ ಹಾಗಲ್ಲ. ಜ್ವಾಲೆಯ ಬಿಸಿ ತಟ್ಟದಷ್ಟು ದೂರದವರೆಗೆ ಮಾತ್ರ ನೀರಿನ ಮರೆ, ಆಮೇಲೆ ಹೋಸ್, ಬ್ರಾಂಚ್, ಮಾನಿಟರ್, ಬೇಕಾದರೆ ವಾಹನ, ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು, ಮೊದಲೇ ಗುರುತಿಸಿದ ಜಾಗಕ್ಕೆ ಹೋಗಿ ತಲೆ ಎಣಿಸಿಕೊಳ್ಳಬೇಕು. ಆ ಜಾಗ ಗಟ್ಟಿ ಕಟ್ಟಡ ಅಥವಾ ದಿಬ್ಬದ ಹಿಂದೆ ಇರಲಿ. ಸಲಕರಣೆ ಬಿಟ್ಟು ಬಂದವರಿಂದ ವಿವರಣೆ ಕೇಳುವುದಿಲ್ಲ ಎಂದು ಠಾಣೆಯ ಲಿಖಿತ ಆದೇಶದಲ್ಲಿಯೇ ಸೇರಿಸಿಬಿಡಿ, ಏಕೆಂದರೆ ಬ್ರಾಂಚ್ ಕಳೆದುಹೋದರೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಭಯದಿಂದ ಹೋಸ್ ಎಳೆಯುತ್ತ ನಿಲ್ಲುವವರನ್ನು ನಾನು ಅಭ್ಯಾಸಗಳಲ್ಲಿ ಕಂಡಿದ್ದೇನೆ.